ಎ. ಲಲಿತಾ: ಕರೆಂಟು ಕಲಿತ ಮೊದಲ ಹೆಣ್ಣುಮಗಳು

ನಮ್ಮೂರ ಸರ್ಕಾರಿ ಪ್ರೌಢಶಾಲೆಗೆ ಐವತ್ತು ತುಂಬಿದೆ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮುಖ್ಯ ಶಿಕ್ಷಕರು ಕೇಳಿದಾಗ, ನನ್ನ ಶಾಲಾ ದಿನಗಳ ನೆನಪು ಬರೆಯೋಣವೆಂದೇ ಮೊದಲು ಅಂದುಕೊಂಡೆ. ಆದರೆ ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ 1984ರ ಬ್ಯಾಚಿನಲ್ಲೇ ಇದ್ದಾರೆ. ಅದರ ಬದಲು ಒಬ್ಬ ಹೆಣ್ಣುಮಗಳ ಜೀವನಕಥೆಯನ್ನು ಬರೆಯುತ್ತಿದ್ದೇನೆ. ಮೂರು ವರ್ಷಗಳಿಂದ ಏಪ್ರಿಲ್ ತಿಂಗಳಲ್ಲಿ ಇದೇ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಹೆಣ್ಣುಮಕ್ಕಳಿಗಾಗಿ ನಾವು ಕೆಲವರು ಹಳೆಯ ವಿದ್ಯಾರ್ಥಿಗಳು ಬೇಸಿಗೆ ಶಿಬಿರ ನಡೆಸುತ್ತಿದ್ದೇವೆ. ಅದರ ಮೊದಲ ದಿನ ನಾನು ಹೇಳುವ ಕಥೆ ಇದು.

ಶಿಬಿರ ಐದು ದಿನದ್ದು. ಒಂಬತ್ತು ಮುಗಿಸಿದವರು, ಹತ್ತನೆಯ ತರಗತಿ ಪರೀಕ್ಷೆ ಬರೆದವರು ಬರುತ್ತಾರೆ. ದೊಡ್ಡ ಸಾಮಾನೇನೂ ಬೇಕಾಗುವುದಿಲ್ಲ. ಒಂದು ಸೆಲ್ಲು, ಒಂದು ಅಯಸ್ಕಾಂತ, ಎನಾಮಲ್ ಬಳಿದ ತಾಮ್ರದ ತಂತಿ, ಎರಡು ಪಿನ್ನು ಕೊಟ್ಟರೆ ಮಕ್ಕಳು ಮಧ್ಯಾಹ್ನದೊಳಗೆ ತಿರುಗುವ ಮೋಟಾರು ಮಾಡಿಬಿಡುತ್ತಾರೆ. ಕೆಟ್ಟ ಮಿಕ್ಸಿ, ಸುಟ್ಟುಹೋದ ಫ್ಯಾನು ಬಿಚ್ಚಿ ಒಳಗೆ ನೋಡುತ್ತಾರೆ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ ಮೂರು ಫೇಸ್ ಏಕೆ ಬೇಕು, ಒಂದು ಫೇಸ್ ಹೋದರೆ ಮೋಟಾರು ಏಕೆ ಸುಡುತ್ತದೆ ಎಂದು ತಿಳಿದುಕೊಳ್ಳುತ್ತಾರೆ. ಕೊನೆಯ ದಿನ ಸಬ್ ಸ್ಟೇಷನ್ ತೋರಿಸಿಕೊಂಡು ಬರುತ್ತೇವೆ.

ಇಷ್ಟೆಲ್ಲ ಶುರುವಾಗುವ ಮೊದಲು, ಈ ಕೆಲಸ ಹೆಂಗಸರದ್ದೂ ಹೌದು ಎಂದು ಆ ಮಕ್ಕಳಿಗೆ ಅನ್ನಿಸಬೇಕು. ಅದಕ್ಕಾಗಿ ಎ. ಲಲಿತಾ ಅವರ ಕಥೆ ಹೇಳುತ್ತೇನೆ. ಭಾರತದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಎಂಜಿನಿಯರ್ ಅವರು. ನಾನೂ ಅದೇ ವಿಷಯ ಓದಿ, ವಿದ್ಯುತ್ ಇಲಾಖೆಯಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿಕೊಂಡು ಬಂದವಳು. ಆದರೂ ಅವರ ಹೆಸರು ನನಗೆ ತಿಳಿದದ್ದು ಕೆಲಸಕ್ಕೆ ಸೇರಿ ಬಹಳ ವರ್ಷಗಳಾದ ಮೇಲೆ. ನಮ್ಮ ಶಾಲೆಯ ಮಕ್ಕಳಿಗೆ ಅಷ್ಟು ತಡವಾಗದಿರಲಿ ಎಂಬುದು ನನ್ನ ಆಸೆ.

ಅಯ್ಯಲಸೋಮಯಾಜುಲ ಲಲಿತಾ ಹುಟ್ಟಿದ್ದು 1919ರ ಆಗಸ್ಟ್ 27ರಂದು, ಮದರಾಸಿನಲ್ಲಿ, ಒಂದು ತೆಲುಗು ಕುಟುಂಬದಲ್ಲಿ. ಏಳು ಮಕ್ಕಳಲ್ಲಿ ಐದನೆಯವರು. ತಂದೆ ಪಪ್ಪು ಸುಬ್ಬರಾವ್ ಅವರು ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಪ್ರಾಧ್ಯಾಪಕರು. ಮನೆಯಲ್ಲಿ ಗಂಡುಮಕ್ಕಳು ಎಂಜಿನಿಯರಿಂಗ್ ಓದಿದರು. ಹೆಣ್ಣುಮಕ್ಕಳಿಗೆ ಮಾತ್ರ ಅಂದಿನ ಪದ್ಧತಿಯಂತೆ ಬೇಗ ಮದುವೆ. ಓದಿದ ಮನೆತನವಾದರೂ ಆ ಪದ್ಧತಿಯನ್ನು ಮೀರಿರಲಿಲ್ಲ. 1934ರಲ್ಲಿ, ಲಲಿತಾ ಅವರಿಗೆ ಹದಿನೈದು ವರ್ಷವಾಗಿದ್ದಾಗ, ಮದುವೆಯಾಯಿತು. ಮದುವೆಯಾದರೂ ಹತ್ತನೆಯ ತರಗತಿಯವರೆಗೆ ಮಗಳ ಓದು ನಿಲ್ಲಬಾರದು ಎಂದು ತಂದೆ ಪಟ್ಟು ಹಿಡಿದಿದ್ದರು. ಆ ಒಂದು ಪಟ್ಟು ಮುಂದೆ ಎಷ್ಟು ಉಪಯೋಗಕ್ಕೆ ಬಂತು ಎಂಬುದನ್ನು ನೋಡಿ.

1937ರಲ್ಲಿ ಒಬ್ಬಳು ಮಗಳು ಹುಟ್ಟಿದಳು. ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಗಂಡ ತೀರಿಕೊಂಡರು. ಲಲಿತಾ ಅವರಿಗೆ ಆಗ ಇನ್ನೂ ಹದಿನೆಂಟು. ಅಂದಿನ ಕಾಲದಲ್ಲಿ ಮದರಾಸಿನಲ್ಲಾಗಲಿ ನಮ್ಮ ಮೈಸೂರು ಸೀಮೆಯಲ್ಲಾಗಲಿ ಎಳೆಯ ವಯಸ್ಸಿನ ವಿಧವೆಯ ಬಾಳು ಹೇಗಿರುತ್ತಿತ್ತು ಎಂಬುದನ್ನು ನಮ್ಮ ಅಜ್ಜಿಯಂದಿರಿಂದ ಕೇಳಿದವರಿಗೆ ಹೇಳಬೇಕಾಗಿಲ್ಲ. ಮನೆಯ ಒಂದು ಮೂಲೆ, ಎರಡು ಬಿಳಿ ಸೀರೆ, ಅಡುಗೆಮನೆಯ ಕೆಲಸ. ಶುಭಕಾರ್ಯಕ್ಕೆ ಎದುರು ಬರುವಂತಿಲ್ಲ.

ಲಲಿತಾ ಅವರು ತವರಿಗೆ ಬಂದರು. ತನ್ನ ಮತ್ತು ಮಗಳ ಹೊಟ್ಟೆಪಾಡು ತನ್ನ ಕೈಯಲ್ಲೇ ಇರಬೇಕು, ಯಾರ ಹಂಗಿನಲ್ಲೂ ಇರಬಾರದು ಎಂದು ನಿರ್ಧರಿಸಿದರು. ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಮುಂದೇನು? ಆ ಕಾಲದಲ್ಲಿ ಓದುವ ಹೆಣ್ಣುಮಕ್ಕಳಿಗೆ ತೋರುತ್ತಿದ್ದ ದಾರಿ ವೈದ್ಯಕೀಯ. ಆದರೆ ಡಾಕ್ಟರಿಗೆ ಹೊತ್ತುಗೊತ್ತಿಲ್ಲ. ಅಪರಾತ್ರಿಯಲ್ಲಿ ಕರೆ ಬಂದರೂ ಮಗುವನ್ನು ಬಿಟ್ಟು ಹೊರಡಬೇಕು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಂಥ ಕೆಲಸ ಬೇಕಿತ್ತು. ಅಪ್ಪ, ಅಣ್ಣಂದಿರು ಮಾಡುತ್ತಿದ್ದ ಎಂಜಿನಿಯರ್ ಕೆಲಸ ಏಕಾಗಬಾರದು ಎಂದುಕೊಂಡರು. ದೊಡ್ಡ ಸಾಧನೆ ಮಾಡಿ ಹೆಸರು ಪಡೆಯಬೇಕೆಂದು ಅವರು ಹೊರಟಿರಲಿಲ್ಲ. ಒಬ್ಬ ತಾಯಿ ತನ್ನ ಮಗುವಿಗಾಗಿ ಲೆಕ್ಕ ಹಾಕಿ ಆರಿಸಿಕೊಂಡ ದಾರಿ ಅದು.

ಆದರೆ ಗಿಂಡಿ ಕಾಲೇಜಿನಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. 1794ರಲ್ಲಿ ಸರ್ವೆ ಶಾಲೆಯಾಗಿ ಶುರುವಾದ ಆ ಸಂಸ್ಥೆಗೆ ಅಷ್ಟು ಹೊತ್ತಿಗೆ ಸುಮಾರು ನೂರೈವತ್ತು ವರ್ಷವಾಗಿತ್ತು. ಅಷ್ಟೂ ಕಾಲ ಅಲ್ಲಿ ಓದಿದವರು ಗಂಡಸರು. ಇಲ್ಲಿ ಸುಬ್ಬರಾವ್ ಅವರು ಮಾಡಿದ ಕೆಲಸವನ್ನು ನಾನು ಶಿಬಿರದಲ್ಲಿ ಎರಡು ಸಲ ಹೇಳುತ್ತೇನೆ. ಅವರು ಮಗಳ ಪರವಾಗಿ ಪ್ರಾಂಶುಪಾಲ ಕೆ.ಸಿ. ಚಾಕೋ ಅವರ ಬಳಿಗೆ ಹೋದರು. ಅವರು ಒಪ್ಪಿದರು. ಆದರೆ ಅವರೊಬ್ಬರ ಒಪ್ಪಿಗೆ ಸಾಲದು. ಮದರಾಸು ಪ್ರಾಂತ್ಯದ ಸಾರ್ವಜನಿಕ ಶಿಕ್ಷಣ ನಿರ್ದೇಶಕ, ಬ್ರಿಟಿಷ್ ಅಧಿಕಾರಿ ಸ್ಟಾಥಮ್ ಅವರ ಅನುಮತಿಯೂ ಬೇಕಿತ್ತು. ಅದನ್ನೂ ಕೇಳಿ ಪಡೆದರು. 1940ರಲ್ಲಿ ಲಲಿತಾ ಅವರು ನಾಲ್ಕು ವರ್ಷದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿಗೆ ಸೇರಿದರು.

ಬಹಳ ದೊಡ್ಡ ಗೋಡೆ ಎಂದುಕೊಂಡಿದ್ದು, ಒಬ್ಬರು ಹೋಗಿ ಕೇಳಿದ ಕೂಡಲೇ ತೆರೆಯಿತು. ಅಲ್ಲಿಯವರೆಗೆ ಹಾಗೆ ಹೋಗಿ ಕೇಳುವವರು ಇರಲಿಲ್ಲ, ಅಷ್ಟೆ.

ಇಲ್ಲಿ ನನ್ನದೊಂದು ಮಾತು ಹೇಳಲೇಬೇಕು. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನಮ್ಮಪ್ಪನಿಗೆ ಪಾಲಿಟೆಕ್ನಿಕ್ ಎಂಬ ಪದವೇ ಗೊತ್ತಿರಲಿಲ್ಲ. ಅರ್ಜಿ ತರಿಸಿದವರು ಈ ಶಾಲೆಯ ಅಂದಿನ ಹೆಡ್‌ಮಾಸ್ಟರು. ಅವರು ಒಂದು ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ಲಾಟೀನು ಬೆಳಕಿನಲ್ಲಿ ತಾವೇ ಅರ್ಜಿ ತುಂಬಿ ಅಪ್ಪನ ರುಜು ಹಾಕಿಸಿಕೊಂಡರು. ಬೀದಿಗೆ ಕರೆಂಟು ಬಂದಿದ್ದರೂ ನಮ್ಮ ಮನೆಗೆ ಇನ್ನೂ ಬಂದಿರಲಿಲ್ಲ. ಮಾರನೆಯ ದಿನ ಅಪ್ಪನನ್ನು ಕರೆದುಕೊಂಡು ಬಸ್ಸು ಹತ್ತಿದರು. ಸಂದರ್ಶನದ ಕೊಠಡಿಯಲ್ಲಿ ಒಬ್ಬರು, ಹುಡುಗಿಗೆ ಟೈಪಿಂಗ್ ಇರುವ ಕೋರ್ಸು ಸಾಕು, ಕಂಬ ಹತ್ತುವ ಕೆಲಸವೇಕೆ ಎಂದು ನಕ್ಕರು. ಅಪ್ಪ ಸುಮ್ಮನಿದ್ದ. ಹೆಡ್‌ಮಾಸ್ಟರು ಸುಮ್ಮನಿರಲಿಲ್ಲ. ನನಗೆ ಎಲೆಕ್ಟ್ರಿಕಲ್ ಸೀಟು ಸಿಕ್ಕಿತು. ಲಲಿತಾ ಅವರ ತಂದೆಯ ಕಥೆ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆ ಲಾಟೀನು.

ಮತ್ತೆ ಗಿಂಡಿಗೆ ಬರೋಣ. ನೂರಾರು ಗಂಡುಹುಡುಗರ ನಡುವೆ ಒಬ್ಬಳೇ ಹುಡುಗಿ. ಓದಿನಲ್ಲಿ ತೊಂದರೆಯಾಗಲಿಲ್ಲ. ಹಾಸ್ಟೆಲಿನ ಒಂಟಿತನ ಮಾತ್ರ ಕಾಡಿತು. ಪುಟ್ಟ ಮಗಳನ್ನು ಅಣ್ಣನ ಮನೆಯವರು ನೋಡಿಕೊಳ್ಳುತ್ತಿದ್ದರು. ವಾರದ ಕೊನೆಯಲ್ಲಿ ತಾಯಿ ಹೋಗಿ ಮಗುವನ್ನು ನೋಡಿಕೊಂಡು ಬರುತ್ತಿದ್ದರು. ಮಗಳ ಒಂಟಿತನ ಕಂಡ ಸುಬ್ಬರಾವ್ ಅವರು ಅಲ್ಲಿಗೇ ಬಿಡಲಿಲ್ಲ. ಕಾಲೇಜಿನಲ್ಲಿ ಈಗ ಹೆಣ್ಣುಮಕ್ಕಳಿಗೂ ಪ್ರವೇಶವಿದೆ ಎಂಬ ಸುದ್ದಿ ಪ್ರಕಟಣೆಯ ಮೂಲಕ ಹೊರಗೆ ತಿಳಿಯುವಂತೆ ಮಾಡಿದರು. ಅದರಿಂದ ಪಿ.ಕೆ. ತ್ರೇಸ್ಯಾ, ಲೀಲಮ್ಮ ಜಾರ್ಜ್ ಎಂಬ ಇಬ್ಬರು ಸಿವಿಲ್ ಎಂಜಿನಿಯರಿಂಗಿಗೆ ಬಂದು ಸೇರಿದರು. ಅವರಿಬ್ಬರೂ ಲಲಿತಾ ಅವರಿಗಿಂತ ಒಂದು ವರ್ಷ ಕಿರಿಯರು. ಎರಡನೆಯ ಮಹಾಯುದ್ಧದ ಕಾರಣ ವಿಶ್ವವಿದ್ಯಾಲಯವು ವ್ಯಾಸಂಗದ ಅವಧಿಯನ್ನು ಕೆಲವು ತಿಂಗಳು ಮೊಟಕುಗೊಳಿಸಿದ್ದರಿಂದ ಮೂವರೂ ಒಟ್ಟಿಗೆ ಪದವಿ ಮುಗಿಸಿದರು. ಅದು 1943. ತ್ರೇಸ್ಯಾ ಅವರು ಮುಂದೆ, 1971ರಲ್ಲಿ, ಕೇರಳ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಆದರು. ಒಬ್ಬಳಿಗೆ ತೆರೆದ ಬಾಗಿಲಲ್ಲಿ ಮೂವರು ಹೋದರು.

ಪದವಿ ಪ್ರಮಾಣಪತ್ರದ್ದೂ ಒಂದು ಕಥೆಯಿದೆ. ಅಚ್ಚಾದ ಪತ್ರದಲ್ಲಿ ಪದವಿ ಪಡೆದವನು ಗಂಡಸೆಂದೇ ಇತ್ತು. ಬೇರೆ ಅಚ್ಚು ಇರಲೇ ಇಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಅವನು ಎಂಬ ಅರ್ಥದ ಪದವನ್ನು ಹೊಡೆದುಹಾಕಿ, ಅವಳು ಎಂದು ಕೈಯಲ್ಲಿ ಬರೆದುಕೊಟ್ಟರು. ಶಿಬಿರದ ಮಕ್ಕಳು ಈ ಮಾತಿಗೆ ಜೋರಾಗಿ ನಗುತ್ತಾರೆ.

ಪದವಿಯ ಜೊತೆಗೆ ಪ್ರಾಯೋಗಿಕ ತರಬೇತಿಯೂ ಆಗಬೇಕಿತ್ತು. ಲಲಿತಾ ಅವರು ಬಿಹಾರದ ಜಮಾಲ್‌ಪುರದ ರೈಲ್ವೆ ಕಾರ್ಖಾನೆಯಲ್ಲಿ ಒಂದು ವರ್ಷ ಕೆಲಸ ಕಲಿತರು. ರೈಲು ಎಂಜಿನ್‌ಗಳನ್ನು ಬಿಚ್ಚಿ ರಿಪೇರಿ ಮಾಡುವ ದೊಡ್ಡ ಕಾರ್ಖಾನೆ ಅದು. 1944ರಲ್ಲಿ ಶಿಮ್ಲಾದ ಕೇಂದ್ರೀಯ ಮಾನಕ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಸಹಾಯಕಿಯಾಗಿ ಕೆಲಸ ಸಿಕ್ಕಿತು. ಅಲ್ಲಿ ಅವರ ಅಣ್ಣನ ಮನೆಯಿತ್ತು. ಮಗಳಿಗೂ ನೆಲೆಯಾಯಿತು. 1946ರ ಕೊನೆಯವರೆಗೆ ಅಲ್ಲಿದ್ದರು. ಬಳಿಕ ಕೆಲವು ತಿಂಗಳು ತಂದೆಯ ಸಂಶೋಧನೆಗಳಿಗೆ ನೆರವಾದರು. ವಿದ್ಯುತ್ತಿನಿಂದ ನುಡಿಯುವ ಒಂದು ಸಂಗೀತ ವಾದ್ಯ, ಹೊಗೆಯಿಲ್ಲದ ಒಲೆ ಇವೆಲ್ಲ ಸುಬ್ಬರಾವ್ ಅವರು ಕೈಹಾಕಿದ್ದ ಕೆಲಸಗಳು. ನಮ್ಮೂರ ಹಳಬರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನೆನಪಿರಬಹುದು. ಅದಕ್ಕೂ ದಶಕಗಳ ಹಿಂದೆ ಮದರಾಸಿನಲ್ಲಿ ಒಬ್ಬ ತಂದೆ, ಮಗಳು ಹೆಂಗಸರ ಕಣ್ಣಿಗೆ ಹೋಗುವ ಹೊಗೆಯ ಬಗ್ಗೆ ಯೋಚಿಸಿದ್ದರು.

1948ರಲ್ಲಿ ಲಲಿತಾ ಅವರು ಕಲ್ಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಎಂಬ ಬ್ರಿಟಿಷ್ ಕಂಪನಿಗೆ ಸೇರಿದರು. ಅವರ ಮುಂದಿನ ಇಡೀ ವೃತ್ತಿಜೀವನ ಅಲ್ಲಿಯೇ ಕಳೆಯಿತು. ಕಲ್ಕತ್ತೆಯಲ್ಲಿಯೂ ಬಂಧುಗಳ ಮನೆಯ ಆಸರೆ ಇತ್ತು. ಅವರು ಮತ್ತೆ ಮದುವೆಯಾಗಲಿಲ್ಲ.

ಅವರು ಮಾಡುತ್ತಿದ್ದ ಕೆಲಸ ಯಾವುದು ಎಂದು ಮಕ್ಕಳು ಕೇಳುತ್ತಾರೆ. ಮೊದಲನೆಯದು, ವಿದ್ಯುತ್ ಪ್ರಸರಣ ಮಾರ್ಗಗಳ ವಿನ್ಯಾಸ. ನಮ್ಮ ಹೊಲಗಳ ಮೇಲೆ ದೊಡ್ಡ ಕಬ್ಬಿಣದ ಗೋಪುರಗಳ ಮೇಲೆ ಹಾದುಹೋಗುವ ಲೈನುಗಳಿವೆಯಲ್ಲ, ಅಂಥವು. ಅಷ್ಟೇ ವಿದ್ಯುತ್ತನ್ನು ಹತ್ತುಪಟ್ಟು ಹೆಚ್ಚು ವೋಲ್ಟೇಜಿನಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಹತ್ತರಲ್ಲಿ ಒಂದು ಪಾಲಾಗುತ್ತದೆ. ತಂತಿ ಬಿಸಿಯಾಗಿ ಪೋಲಾಗುವುದು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ದೂರಕ್ಕೆ ಹೋಗುವ ಲೈನಿಗೆ ಅಷ್ಟು ಎತ್ತರದ ಗೋಪುರ, ಅಷ್ಟುದ್ದದ ಪಿಂಗಾಣಿ ಸರ. ಬೇಸಿಗೆಯಲ್ಲಿ ತಂತಿ ಕಾದು ಹಿಗ್ಗಿ ಇಳಿಬೀಳುತ್ತದೆ. ಅದು ಎಷ್ಟು ಇಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಗೋಪುರದ ಎತ್ತರ ಗೊತ್ತುಮಾಡಬೇಕು. ಇದು ಕಂಬ ಹತ್ತುವ ಕೆಲಸವಲ್ಲ. ಮೇಜಿನ ಮೇಲೆ ಕೂತು ಹಾಕುವ ಲೆಕ್ಕ. ಆ ಲೆಕ್ಕ ತಪ್ಪಿದರೆ ಕೆಳಗೆ ಓಡಾಡುವವರ ಜೀವ ಹೋಗುತ್ತದೆ.

ಎರಡನೆಯದು, ಸಬ್ ಸ್ಟೇಷನ್‌ಗಳ ವಿನ್ಯಾಸ ಮತ್ತು ರಕ್ಷಣಾ ಉಪಕರಣಗಳು. ಎಲ್ಲಿಯಾದರೂ ಲೈನು ತುಂಡಾಗಿ ಬಿದ್ದರೆ, ಶಾರ್ಟ್ ಆದರೆ, ಆ ಭಾಗಕ್ಕೆ ಹೋಗುವ ಕರೆಂಟನ್ನು ಕ್ಷಣದಲ್ಲಿ ತಪ್ಪಿಸಿ ಉಳಿದ ಊರುಗಳಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ಈ ಉಪಕರಣಗಳ ಕೆಲಸ. ನಮ್ಮ ಮನೆಯ ಫ್ಯೂಸಿನ ದೊಡ್ಡಣ್ಣ ಎನ್ನಬಹುದು. ಸಟ್ಲೆಜ್ ನದಿಗೆ 226 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದ ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಜನರೇಟರುಗಳ ಕೆಲಸದಲ್ಲಿಯೂ ಅವರ ಪಾಲಿತ್ತು. 1963ರಲ್ಲಿ ಪ್ರಧಾನಿ ನೆಹರೂ ಅವರು ಲೋಕಾರ್ಪಣೆ ಮಾಡಿದ ಆ ಅಣೆಕಟ್ಟನ್ನು ನಮ್ಮ ಸಮಾಜ ವಿಜ್ಞಾನದ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ಅದರ ಹಿಂದೆ ಗಿಂಡಿಯ ಆ ಹುಡುಗಿಯ ಲೆಕ್ಕವೂ ಇತ್ತು ಎಂದು ನಮಗೆ ಯಾರೂ ಹೇಳಿರಲಿಲ್ಲ.

1953ರಲ್ಲಿ ಲಂಡನ್ನಿನ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆ ಅವರನ್ನು ಸಹ ಸದಸ್ಯರನ್ನಾಗಿಯೂ 1966ರಲ್ಲಿ ಪೂರ್ಣ ಸದಸ್ಯರನ್ನಾಗಿಯೂ ಸೇರಿಸಿಕೊಂಡಿತು. 1964ರ ಜೂನ್‌ನಲ್ಲಿ ನ್ಯೂಯಾರ್ಕ್ ನಗರದಲ್ಲಿ ಮಹಿಳಾ ಎಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಭಾರತದಲ್ಲಿ ಆಗ ಅಂಥ ಮಹಿಳೆಯರ ಸಂಘವೇ ಇರಲಿಲ್ಲವಾದ್ದರಿಂದ ಲಲಿತಾ ಅವರು ಸ್ವಂತ ನೆಲೆಯಲ್ಲಿಯೇ ಭಾಗವಹಿಸಿದರು. ಮರಳಿ ಬಂದ ಮೇಲೆ ಪತ್ರಿಕೆಗಳು ಅವರನ್ನು ಗುರುತಿಸಿದವು. 1967ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಎರಡನೆಯ ಸಮ್ಮೇಳನ ನಡೆದಾಗ ಭಾರತದಿಂದ ಮಹಿಳೆಯರು ಭಾಗವಹಿಸುವಂತೆ ಮಾಡುವ ಹೊಣೆಯನ್ನೂ ಹೊತ್ತರು. ಅಂದು ಅವರ ತಂದೆ ಮಾಡಿದ್ದ ಕೆಲಸವನ್ನು, ಅಂದರೆ ಇನ್ನೊಬ್ಬರಿಗೆ ದಾರಿ ತಿಳಿಸುವುದನ್ನು, ಈಗ ಮಗಳು ಮಾಡಿದರು.

1977ರಲ್ಲಿ ನಿವೃತ್ತರಾದರು. ಆ ಮೇಲೆ ತಂಗಿಯ ಜೊತೆ ದಕ್ಷಿಣ ಭಾರತವನ್ನೆಲ್ಲ ಸುತ್ತಿದರು. ವಿಶ್ರಾಂತಿಯ ದಿನಗಳು ಬಹಳ ಇರಲಿಲ್ಲ. ಮೆದುಳಿನ ರಕ್ತನಾಳದ ತೊಂದರೆಯಿಂದ ಹಾಸಿಗೆ ಹಿಡಿದು, 1979ರ ಅಕ್ಟೋಬರ್ 12ರಂದು ತೀರಿಕೊಂಡರು. ಅರವತ್ತು ವರ್ಷ ತುಂಬಿತ್ತು.

ನಮ್ಮ ನಾಡಿನಲ್ಲೂ ಇಂಥವರಿದ್ದರು. ಲಲಿತಾ ಅವರಿಗಿಂತ ಮೂರು ವರ್ಷ ಚಿಕ್ಕವರಾದ ರಾಜೇಶ್ವರಿ ಚಟರ್ಜಿ ಅವರು ಮೈಸೂರು ಸಂಸ್ಥಾನದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು. ಮೈಕ್ರೋವೇವ್ ಕ್ಷೇತ್ರದಲ್ಲಿ ಅವರದು ದೊಡ್ಡ ಹೆಸರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದವರು. ಇಲ್ಲಿಯೂ ನೋಡಿ, ಓದುವ ಹುಡುಗಿಯ ಹಿಂದೆ ಮನೆಯ ಹಿರಿಯರೊಬ್ಬರಿದ್ದಾರೆ.

ಈಗ ನನ್ನ ತಪ್ಪೊಂದನ್ನು ಬರೆಯಬೇಕು. ಮೊದಲ ವರ್ಷದ ಶಿಬಿರದಲ್ಲಿ ಒಬ್ಬ ಹುಡುಗಿ ಇದ್ದಳು. ತಂತಿ ಸುತ್ತುವುದರಲ್ಲಿ ಅವಳಷ್ಟು ಚೊಕ್ಕ ಕೈ ಯಾರದೂ ಇರಲಿಲ್ಲ. ಫ್ಯಾನು ನಿಧಾನ ತಿರುಗಿದರೆ ಕೆಪಾಸಿಟರ್ ಹೋಗಿರಬಹುದು ಎಂದು ಯಾರೂ ಹೇಳಿಕೊಡದೆ ಊಹಿಸಿದಳು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂತು. ನಾನು ಫೋನ್ ಮಾಡಿ ಅಭಿನಂದಿಸಿದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಮುಂದಿನ ಏಪ್ರಿಲ್‌ನಲ್ಲಿ ಅವಳ ತಂಗಿ ಶಿಬಿರಕ್ಕೆ ಬಂದಾಗ, ಅಕ್ಕ ಒಂದು ವರ್ಷದಿಂದ ಮನೆಯಲ್ಲೇ ಇದ್ದಾಳೆ ಎಂದು ತಿಳಿಯಿತು. ಕಾಲೇಜು ದೂರ, ಸಂಜೆಯ ಬಸ್ಸಿಗೆ ನಂಬಿಕೆಯಿಲ್ಲ, ಅರ್ಜಿ ಎಲ್ಲಿ ಹಾಕಬೇಕೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ಅಪ್ಪ ಬೇಡವೆಂದು ಹೇಳಿರಲೇ ಇಲ್ಲ. ಏನು ಮಾಡಬೇಕೆಂದು ತಿಳಿಯದೆ ಸುಮ್ಮನಿದ್ದರು, ಅಂದು ನಮ್ಮಪ್ಪ ಇದ್ದ ಹಾಗೆ.

ಐದು ದಿನ ಮೋಟಾರು ಮಾಡಿಸಿ, ಲಲಿತಾ ಅವರ ಕಥೆ ಹೇಳಿ, ಆಸೆ ಹುಟ್ಟಿಸಿ ಕಳಿಸಿದ್ದೆ. ಅರ್ಜಿ ಹಿಡಿದು ಹೋಗುವವರು ಯಾರು ಎಂದು ಯೋಚಿಸಿರಲಿಲ್ಲ. ನನಗಾಗಿ ಹೆಡ್‌ಮಾಸ್ಟರು ಜಗಲಿಯವರೆಗೆ ಬಂದಿದ್ದರು. ನಾನು ಆ ಮನೆಯ ಬಾಗಿಲಿಗೂ ಹೋಗಿರಲಿಲ್ಲ. ಅಂದು ಸಂಜೆಯೇ ಹೋದೆ. ಆ ಜೂನ್‌ನಲ್ಲಿ ಅವಳಪ್ಪ, ನಾನು ಇಬ್ಬರೂ ಹೋಗಿ ಅವಳನ್ನು ಸರ್ಕಾರಿ ಪಾಲಿಟೆಕ್ನಿಕ್ಕಿಗೆ ಸೇರಿಸಿದೆವು. ಹಾಸ್ಟೆಲೂ ಸಿಕ್ಕಿತು. ಈಗ ಎಲೆಕ್ಟ್ರಿಕಲ್ ಓದುತ್ತಿದ್ದಾಳೆ. ಆದರೆ ಅವಳ ಒಂದು ವರ್ಷ ಹೋದದ್ದು ಹೋಯಿತು. ಅದರಲ್ಲಿ ನನ್ನ ಪಾಲೂ ಇದೆ.

ಅಂದಿನಿಂದ ಶಿಬಿರಕ್ಕೆ ಆರನೆಯ ದಿನ ಸೇರಿದೆ. ಅಂದು ಮಕ್ಕಳ ಜೊತೆ ತಂದೆತಾಯಿಯರೂ ಬರಬೇಕು. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಇದೆ, ಅದು ಮುಗಿಸಿ ಡಿಸಿಇಟಿ ಬರೆದರೆ ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು, ಪಿಯುಸಿ ವಿಜ್ಞಾನದ ದಾರಿಯೂ ಇದೆ ಎಂದು ವಿವರಿಸುತ್ತೇವೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಯಾವಾಗ ಮಾಡಿಸಿಟ್ಟುಕೊಳ್ಳಬೇಕು, ಹಾಸ್ಟೆಲಿಗೆ ಅರ್ಜಿ ಹೇಗೆ ಹಾಕಬೇಕು ಎಂದು ಹೇಳುತ್ತೇವೆ. ಅಲ್ಲಿಯೇ ಒಂದೊಂದು ಮನೆಗೂ ಒಬ್ಬೊಬ್ಬ ಹಳೆಯ ವಿದ್ಯಾರ್ಥಿಯನ್ನು ಗೊತ್ತುಮಾಡುತ್ತೇವೆ. ಜೂನ್‌ವರೆಗೆ ಆ ಮಗುವಿನ ಅರ್ಜಿ ಅವರ ಹೊಣೆ. ಕಳೆದ ಸಲ ಹದಿನಾಲ್ಕು ಹುಡುಗಿಯರಲ್ಲಿ ಆರು ಮನೆಯವರು ಬಂದಿದ್ದರು. ಇನ್ನೂ ಎಂಟು ಮನೆಯವರು ಬರಬೇಕಿತ್ತು.

ಲಲಿತಾ ಅವರು ಬುದ್ಧಿವಂತೆ, ಗಟ್ಟಿಗಿತ್ತಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದಿನ ಮದರಾಸಿನಲ್ಲಿ ಅಷ್ಟೇ ಬುದ್ಧಿವಂತೆಯರು ಇನ್ನೂ ಎಷ್ಟೋ ಜನ ಮನೆಯ ಮೂಲೆಯಲ್ಲಿ ಉಳಿದಿರಬೇಕು. ಅವರ ಪರವಾಗಿ ಯಾರೂ ಪ್ರಾಂಶುಪಾಲರ ಕೊಠಡಿಯ ಬಾಗಿಲು ತಟ್ಟಲಿಲ್ಲ. ನಮ್ಮ ಶಾಲೆ ಐವತ್ತು ವರ್ಷಗಳಲ್ಲಿ ಹಾಗೆ ಬಾಗಿಲು ತಟ್ಟಿದ ಮೇಷ್ಟ್ರುಗಳನ್ನು ಕಂಡಿದೆ. ಅವರಲ್ಲಿ ಒಬ್ಬರ ಋಣ ನನ್ನ ಮೇಲಿದೆ.

ಮುಂದಿನ ಏಪ್ರಿಲ್‌ನಲ್ಲಿಯೂ ಶಿಬಿರ ಇರುತ್ತದೆ. ಸುಟ್ಟ ಮೋಟಾರು, ಕೆಟ್ಟ ಮಿಕ್ಸಿ ಇದ್ದರೆ ಗುಜರಿಗೆ ಹಾಕುವ ಮೊದಲು ಶಾಲೆಗೆ ಕೊಡಿ. ಹಳೆಯ ವಿದ್ಯಾರ್ಥಿಗಳು ಒಂದೊಂದು ಅರ್ಜಿಯ ಹೊಣೆ ಹೊರಲು ಹೆಸರು ಕೊಡಿ. ಊರಿನ ಅಪ್ಪಂದಿರು, ಅವ್ವಂದಿರು ಆರನೆಯ ದಿನ ಮಗಳ ಜೊತೆ ತಪ್ಪದೆ ಬನ್ನಿ. ಬರುವಾಗ ಅವಳ ಆಧಾರ್ ಕಾರ್ಡು, ಅಂಕಪಟ್ಟಿಯ ಜೆರಾಕ್ಸು ತನ್ನಿ. ಉಳಿದದ್ದನ್ನು ಎಲ್ಲರೂ ಕೂತು ತುಂಬೋಣ.